ಮಲ್ಲೇಶ್ವರದ ಕಿವಿ ಕ್ಲಿನಿಕ್: ಒಂದು ಸ್ವರವನ್ನೂ ಬಿಡದೆ ನೋಡುತ್ತಾರೆ

ಮಕ್ಕಳ ಕಿವಿ ಪರೀಕ್ಷೆ ಎಲ್ಲಿ ಮಾಡಿಸೋದು ಅಂತ ಯಾರಾದರೂ ಕೇಳಿದರೆ ಸಂಪಿಗೆ ರಸ್ತೆ ಹಿಂದಿನ ಈ ಸಣ್ಣ ಕ್ಲಿನಿಕ್ಕನ್ನೇ ಹೇಳುತ್ತೇನೆ. ನಮ್ಮ ಅಣ್ಣನ ಮಗಳಿಗೆ ನಾಲ್ಕು ವರ್ಷ. ಬೇರೊಂದು ಕಡೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, "ಏನೂ ಕೇಳಲ್ಲ" ಅಂದು ಕಳಿಸಿಬಿಟ್ಟಿದ್ದರು. ಅತ್ತಿಗೆ ಕುಸಿದು ಹೋಗಿದ್ದರು.

ಇಲ್ಲಿ ಹಾಗಲ್ಲ. ಮೊದಲು ಮಗು ಜೊತೆ ಆಟ. ಮರದ ಕಡ್ಡಿ, ಬಣ್ಣದ ಬಳೆಗಳು. ಹೆಡ್‌ಫೋನಿನಲ್ಲಿ ಸದ್ದು ಬಂದಾಗ ಒಂದು ಬಳೆ ಕಡ್ಡಿಗೆ ಹಾಕಬೇಕು, ಅಷ್ಟೇ. 250 ಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಹೆಚ್ಚಾದಷ್ಟೂ ಸ್ವರ ಮೇಲೆ) ಕೆಂಪು ಬಳೆ ಬಿತ್ತು. 500ಕ್ಕೆ ಹಳದಿ. 1000ಕ್ಕೆ ಸದ್ದು ತುಂಬಾ ಜಾಸ್ತಿ ಮಾಡಬೇಕಾಯಿತು. ಅದಕ್ಕಿಂತ ಮೇಲಿನ ಸ್ವರಗಳಿಗೆ ಕೈ ಅಲ್ಲಾಡಲಿಲ್ಲ. ಕಿವಿ ಹಿಂದಿನ ಮೂಳೆಗೆ ಕಂಪನದ ಉಪಕರಣ ಒತ್ತಿ ಮತ್ತೆ ಅದೇ ಪರೀಕ್ಷೆ. ಮಗು ಸುಸ್ತಾದಾಗ ನಿಲ್ಲಿಸಿ ಇನ್ನೊಂದು ದಿನ ಕರೆದರು.

ನಾನು ಪಿಟೀಲು ಪಾಠ ಹೇಳುವವಳು. ಒಂದೊಂದೇ ಸ್ವರ ನೋಡುವ ಇದನ್ನು ಕಂಡು ಖುಷಿಯಾಗಿ, ಇದು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷಿಸುವ ತಜ್ಞರು) ಒಂದು ಹೆಸರು ಹೇಳಿದರು: ಫ್ರೀಡ್ರಿಶ್ ಬೆಟ್ಸೋಲ್ಟ್. ಮನೆಗೆ ಬಂದು ಓದಿದೆ. 1842ರಲ್ಲಿ ಜರ್ಮನಿಯ ರೋಥೆನ್‌ಬರ್ಗ್‌ನಲ್ಲಿ ಹುಟ್ಟಿ, ಮ್ಯೂನಿಕ್‌ನಲ್ಲಿ ಕಿವಿ ವೈದ್ಯರೂ ಪ್ರೊಫೆಸರೂ ಆದವರು. ಕಿವಿ ಹಿಂದಿನ ಮೂಳೆಯ ಕೀವು ಕತ್ತಿನೊಳಕ್ಕೆ ಇಳಿಯುವ ಒಂದು ಕಾಯಿಲೆಗೆ ಇವತ್ತಿಗೂ ಅವರದೇ ಹೆಸರು. ನನಗೆ ಹಿಡಿಸಿದ್ದು ಮಾತ್ರ ಬೇರೆ ಕೆಲಸ. ಭೌತವಿಜ್ಞಾನಿ ಎಡೆಲ್ಮನ್ ಜೊತೆ ಸೇರಿ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಒಂದೇ ಸ್ವರ ಕೊಡುವ ಉಕ್ಕಿನ ಕವೆ), ಪೀಪಿ, ಸಿಳ್ಳೆಗಳ ಒಂದು ಸಾಲು ಮಾಡಿಸಿದರು. ತೀರಾ ತಗ್ಗಿನಿಂದ ತೀರಾ ಮೇಲಿನ ತನಕ ನಡುವೆ ಎಲ್ಲೂ ಸ್ವರ ತಪ್ಪುವುದಿಲ್ಲ. 1890ರ ದಶಕದಲ್ಲಿ ಅದರಿಂದ ಮ್ಯೂನಿಕ್‌ನ ಕಿವುಡ ಮಕ್ಕಳ ಶಾಲೆಯವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಪೂರ್ತಿ ಕಿವುಡು ಅಂದುಕೊಂಡಿದ್ದ ಎಷ್ಟೋ ಮಕ್ಕಳಿಗೆ ಅಲ್ಲಲ್ಲಿ ಕೆಲವು ಸ್ವರ ಕೇಳುತ್ತಿತ್ತು! ಮಾತು ತಿಳಿಯಲು ಸುಮಾರು 465ರಿಂದ 785 ಹರ್ಟ್ಸ್ ಒಳಗಿನ ಪಟ್ಟಿ ಮುಖ್ಯ, ಅದು ಉಳಿದಿದ್ದರೆ ಕಿವಿಯ ಮೂಲಕವೇ ಮಾತು ಕಲಿಸಿ ಅಂದರು. ನಮ್ಮ ಸಂಗೀತದ ಲೆಕ್ಕದಲ್ಲಿ ಷಡ್ಜದಿಂದ ಚತುಶ್ರುತಿ ಧೈವತದಷ್ಟು, ಅಂದರೆ 'ಸ'ದಿಂದ 'ದ'ವರೆಗಿನ ದೂರ. ಅಷ್ಟೇ ಅಲ್ವಾ! 1896ರಲ್ಲಿ ಇದನ್ನೆಲ್ಲ ಪುಸ್ತಕವಾಗಿಯೂ ತಂದರು.

ನಮ್ಮ ಮಗುವಿಗೆ ಉಳಿದಿರುವುದೂ ತಗ್ಗಿನ ಸ್ವರಗಳೇ. ಈಗ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿದೆ, ಸ್ಪೀಚ್ ಥೆರಪಿ ನಡೀತಿದೆ. ತಂಬೂರಿ ಮೀಟಿದರೆ ಓಡಿ ಬಂದು ಅದರ ಬುರುಡೆ ಮೇಲೆ ಕೈ ಇಡುತ್ತಾಳೆ.

ಕೊರತೆಗಳೂ ಇವೆ. ಸಂಜೆ ಕಾಯೋದು ಜಾಸ್ತಿ, ಗಾಡಿ ನಿಲ್ಲಿಸಲು ಜಾಗವೇ ಇಲ್ಲ, ರಿಪೋರ್ಟ್ ಬರೀ ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲೂ ಕೊಡಲೇಬೇಕು. ಏಡ್ ಆರಿಸುವಾಗ ಮಾತ್ರ ಸುಮ್ನೆ ದುಬಾರಿಯದನ್ನು ತಲೆಗೆ ಕಟ್ಟಲಿಲ್ಲ, ಎರಡು ಮೂರು ಹಾಕಿ ನೋಡಲು ಬಿಟ್ಟರು. ಚಿಕ್ಕ ಮಕ್ಕಳಿದ್ದರೆ ಬೆಳಗಿನ ಹೊತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ, ನಿದ್ದೆ ಊಟ ಮುಗಿಸಿಕೊಂಡು ಹೋಗಿ.