ಗುಜರಿ ಟೀವಿ, ಪೈ, ಅಂಗೈ ಗೇಮು: ಒಂದು ವರ್ಷ ಆಡಿ ನೋಡಿದ್ದು

ಹೋದ ಮಳೆಗಾಲದಲ್ಲಿ ಹಂಚು ಎಲ್ಲಿ ಸೋರ್ತಾ ಇದೆ ನೋಡ್ವಾ ಅಂತ ಅಟ್ಟ ಹತ್ತಿದವಂಗೆ ಹಳೇ ಟ್ರಂಕಿನಲ್ಲಿ ನಮ್ಮ ಟೀವಿ ಗೇಮು ಸಿಕ್ತು. ಶಿರಸಿ ಮಾರಿ ಜಾತ್ರೇಲಿ ಅಪ್ಪಯ್ಯ ಕೊಡ್ಸಿದ್ದು. ಜಾತ್ರೆ ಬರೋದೇ ಎರಡು ವರ್ಷಕ್ಕೊಂದ್ಸಲ, ಒಂದು ಜಾತ್ರೇಲಿ ಹಟ ಹಿಡ್ದು ಅತ್ತಿದ್ದು, ಕೈಗೆ ಸಿಕ್ಕಿದ್ದು ಮುಂದಿನ ಜಾತ್ರೇಲಿ, ಅಷ್ಟರಲ್ಲಿ ಅಣ್ಣಂಗೆ ಮೀಸೆ ಬರೋಕೆ ಶುರುವಾಗಿತ್ತು. ಜೊತೆಗೊಂದು ಹಳದಿ ಕ್ಯಾಸೆಟ್ಟು, ಮೇಲೆ 9999 ಇನ್ 1 ಅಂತ ಬರ್ದಿದ್ರೂ ಒಳಗಿದ್ದಿದ್ದು ಹನ್ನೆರಡೋ ಹದಿನಾಲ್ಕೋ ಗೇಮು, ಉಳಿದಿದ್ದೆಲ್ಲ ಅವೇ ಗೇಮು ಬೇರೆ ಹೆಸರಲ್ಲಿ ಬೇರೆ ಲೆವೆಲಿಂದ ಶುರುವಾಗ್ತಿದ್ವು.

ಅದು ಸಿಕ್ಕಿದ್ದೇ ಸಿಕ್ಕಿದ್ದು, ಅಲ್ಲಿಂದ ಇಲ್ಲೀವರೆಗೆ ಹಳೇ ಗೇಮು ಆಡೋ ಮೂರು ದಾರಿಗೆ ದುಡ್ಡು ಸುರಿದಿದೀನಿ, ನಾಲ್ಕನೇದನ್ನ ಕಾರವಾರದ ದೋಸ್ತನ ಮನೇಲಿ ಪುಕ್ಕಟೆ ಆಡ್ಕಂಡು ಬಂದಿದೀನಿ. ಯಾವ್ದು ತಗಳ್ಳದು ಮಾರಾಯ ಅಂತ ಕೇಳೋರು ಜಾಸ್ತಿ ಆದ್ರು, ಅದ್ಕೆ ಬರೀತಾ ಇರೋದು.

ಮೊದ್ಲು ಆ ಡಬ್ಬಿ, ಅಂದ್ರೆ ಅಟ್ಟದಲ್ಲಿ ಸಿಕ್ಕ ಟೀವಿ ಗೇಮು. ಇದು ಜಪಾನಲ್ಲಿ 1983ರಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ನಕಲು, ನಮ್ಮ ಕಡೆ ಯಾರೂ ಅಸಲಿ ನೋಡೇ ಇಲ್ಲ. ಅಸಲಿಯ ಪ್ರಾಸೆಸರ್ ಓಡೋದು 1.79 ಮೆಗಾಹರ್ಟ್ಸಲ್ಲಿ, ಅದಕ್ಕಿರೋ ಕೆಲಸದ ಮೆಮೊರಿ 2 ಕೆಬಿ. ಎರಡು ಜಿಬಿ ಅಲ್ಲ, ಎರಡು ಕೆಬಿ, ನೀವು ಈಗ ಓದ್ತಾ ಇರೋ ಈ ಬರಹ ಅದ್ರಲ್ಲಿ ಹಿಡಿಸೋದಿಲ್ಲ. ಇಷ್ಟರಲ್ಲೇ ಮಾರಿಯೋ, ಕಾಂಟ್ರಾ ಎಲ್ಲ ಓಡಿದ್ದು.

ಆನ್ ಮಾಡಿದ್ರೆ ಲೈಟೂ ಬರ್ಲಿಲ್ಲ. ಒಂದು ಎಐ ಚಾಟ್ ಹತ್ರ ಕೇಳ್ದೆ, ಯಾವ್ದು ಅಂತ ಹೆಸ್ರು ಬೇಡ. ಭಾರೀ ಪ್ರೀತಿಯಿಂದ ಉತ್ತರ ಕೊಡ್ತು, ಕ್ಯಾಸೆಟ್ ಹಾಕೋ ಜಾಗದ 72 ಪಿನ್ ಕನೆಕ್ಟರ್ ಹಾಳಾಗಿರ್ತದೆ ಬದಲಿಸಿ, ಅಡಾಪ್ಟರ್ ಒಳಪಿನ್ನು ಪ್ಲಸ್ ಇರೋದು ತಗಳ್ಳಿ ಅಂತ. ಆರ್ಡರ್ ಮಾಡೋಕೆ ಬೆರಳಿಟ್ಟಿದ್ದೆ, ಯಾಕೋ ಅನುಮಾನ ಬಂದು ಟಾರ್ಚ್ ಹಾಕಿ ಪಿನ್ ಎಣಿಸ್ದೆ. ಅರವತ್ತು! 72 ಪಿನ್ ಇರೋದು ಇದೇ ಮೆಷಿನ್ನನ್ನ ಅಮೆರಿಕದಲ್ಲಿ ಬೇರೆ ರೂಪದಲ್ಲಿ ಮಾರಿದ ಎನ್‌ಇಎಸ್‌ಗೆ, ಫ್ಯಾಮಿಕಾಮ್ಮಿಗೂ ನನ್ನ ಡಬ್ಬಿಗೂ 60. ಅಡಾಪ್ಟರೂ ಉಲ್ಟಾನೇ, ಡಬ್ಬಿ ತಳದಲ್ಲಿ ಚಿತ್ರ ಬರ್ದಿದಾರೆ, ಒಳಪಿನ್ನು ಮೈನಸ್ಸು. ಎಐಗೆ ಹೀಗೆ ಅಂದ್ರೆ 'ಹೌದು ನೀವು ಹೇಳಿದ್ದೇ ಸರಿ' ಅಂತು. ಸರಿ ಅಂತ ಗೊತ್ತಿದ್ರೆ ಮೊದ್ಲೇ ಹೇಳ್ಬೇಕಿತ್ತಲ್ಲ!

ಕೊನೆಗೆ ಪೇಟೆಯ ಟೀವಿ ರಿಪೇರಿಯವರ ಹತ್ರ ತಗಂಡು ಹೋದೆ. ಮುಚ್ಚಳ ತೆಗ್ದು, ಒಂದ್ಸಲ ಮೂಸಿ, 7805 ಹೋಗಿದೆ ಅಂದ್ರು, ಅಂದ್ರೆ ಕರೆಂಟನ್ನ 5 ವೋಲ್ಟಿಗೆ ಇಳಿಸೋ ಮೂರು ಕಾಲಿನ ರೆಗ್ಯುಲೇಟರು. ಅದನ್ನೂ ಉಬ್ಬಿದ ಒಂದು ಕೆಪಾಸಿಟರನ್ನೂ ಬದಲಿಸಿ ನೂರೈವತ್ತು ರೂಪಾಯಿ ತಗಂಡ್ರು. ಕ್ಯಾಸೆಟ್ ಪಿನ್ನಿನ ಹಸಿರು ಕಿಲುಬನ್ನ ಸ್ಪಿರಿಟ್ ಹಚ್ಚಿ ಒರೆಸಿ, 'ಬಾಯಲ್ಲಿ ಊದ್ಬೇಡಿ, ಊದಿ ಊದೇ ಇಷ್ಟಾಗಿದ್ದು' ಅಂದ್ರು. ನಾವು ಹುಡುಗ್ರಿದ್ದಾಗ ಊದಿದ್ರೇ ಗೇಮು ಬರೋದು ಅಂತ ನಂಬಿದವ್ರು, ಅಸಲಿಗೆ ಕೆಲಸ ಮಾಡ್ತಿದ್ದಿದ್ದು ತೆಗ್ದು ಮತ್ತೆ ಹಾಕಿದ್ದು, ನಮ್ಮ ಉಗುಳು ಪಿನ್ನನ್ನ ತಿಂತಾ ಇತ್ತು.

ಈ ಡಬ್ಬೀನ ಹಾಲ್‌ನಲ್ಲಿರೋ ದೊಡ್ಡ ಎಲ್‌ಸಿಡಿಗೆ ಹಾಕಿದ್ರೆ ಆಗೋದಿಲ್ಲ, ಇದನ್ನ ಗಟ್ಟಿ ಹೇಳ್ತೀನಿ. ಚಿತ್ರ ಕಲಸಿದ ಹಿಟ್ಟಿನ ಹಾಗೆ. ಡಬ್ಬಿ ಕೊಡೋದು 240 ಗೆರೆಯ ಚಿತ್ರ, ಹೊಸ ಟೀವಿ ಅದನ್ನ ಅರ್ಧರ್ಧ ಬರೋ 480 ಗೆರೆಯದ್ದು ಅಂದ್ಕಂಡು ಹೊಲಿಯೋಕೆ ಹೋಗ್ತದೆ, ಆ ಹೊಲಿಗೆ ಕೆಲಸದಲ್ಲಿ ಹೊತ್ತೂ ಹೋಗ್ತದೆ. ಹಾಗಾಗಿ ಡಬ್ಬಾ ಟೀವಿ, ಅಂದ್ರೆ ಹಳೇ ಪಿಕ್ಚರ್ ಟ್ಯೂಬಿನ ಟೀವಿ, ಬೇಕೇ ಬೇಕು. ಕುಮಟೆಯ ಗುಜರಿ ಅಂಗಡೀಲಿ 21 ಇಂಚಿನದ್ದು ನಾನೂರು ರೂಪಾಯಿಗೆ ಸಿಕ್ತು, ಅಣ್ಣನ ಓಮ್ನಿಯಲ್ಲಿ ದೇವಿಮನೆ ಘಟ್ಟ ಹತ್ತಿಸ್ಕಂಡು ಬಂದ್ವಿ, ಪ್ರತಿ ತಿರುವಲ್ಲೂ ನಾನು ಹಿಂದೆ ಕೂತು ಅದನ್ನ ಮಗು ಹಿಡಿದ ಹಾಗೆ ಹಿಡ್ಕಂಡಿದ್ದೆ. ಬಾಗಿಲಲ್ಲೇ ಆಯಿ, 'ಹತ್ ವರ್ಷದ ಹಿಂದೆ ಗುಜರಿಗೆ ಕೊಟ್ಟಿದ್ದ ದುಡ್ ಕೊಟ್ಟು ವಾಪಸ್ ತಂದ್ಯನಾ ತಮಾ?' ಅಂತು.

ಆದ್ರೆ ಆಡಿ ನೋಡಿದ ಮೇಲೆ ಬೇರೆ ಮಾತೇ ಇಲ್ಲ. ಮೊಬೈಲಿನ ಸ್ಲೋ ಮೋಷನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ಬಟನ್ ಒತ್ತಿದಲ್ಲಿಂದ ಮಾರಿಯೋ ನೆಲ ಬಿಡೋವರೆಗೆ ಎಷ್ಟು ಫ್ರೇಮ್ ಅಂತ ಎಣಿಸ್ದೆ. ಡಬ್ಬಾ ಟೀವೀಲಿ ಸುಮಾರು 10, ಅಂದ್ರೆ 40 ಮಿಲಿಸೆಕೆಂಡ್ ಆಸುಪಾಸು. ಈ ಟೀವಿ ಚಿತ್ರ ಕೂಡಿಟ್ಕಳೋದಿಲ್ಲ, ಸಿಗ್ನಲ್ ಬಂದ ಹಾಗೆ ಗೆರೆ ಗೆರೆಯಾಗಿ ಎಳೀತಾ ಹೋಗ್ತದೆ. ಬಾತುಕೋಳಿ ಹೊಡೆಯೋ ಗೇಮಿನ ಬಂದೂಕೂ ಇದ್ರಲ್ಲೇ ನಡೆಯೋದು, ಕುದುರೆ ಒತ್ತಿದ ತಕ್ಷಣ ಪರದೆ ಕಪ್ಪಾಗಿ ಹಕ್ಕಿ ಜಾಗದಲ್ಲಿ ಬಿಳಿ ಚೌಕ ಮಿಂಚ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನ ಅದೇ ಕ್ಷಣಕ್ಕೆ ಕಾಣ್ಬೇಕು, ಎಲ್‌ಸಿಡೀಲಿ ತಡವಾಗಿ ಬರೋದ್ರಿಂದ ಗುರಿ ತಪ್ತದೆ. ಅಣ್ಣನ ಮಗಳು ಎಲ್‌ಸಿಡಿಗೆ ಹೊಡ್ದು ಹೊಡ್ದು ಬಂದೂಕು ಹಾಳಾಗಿದೆ ಅಂದಿದ್ಲು.

ತಾಪತ್ರಯಾನೂ ಹೇಳ್ತೀನಿ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದ್ರೆ ಚಿತ್ರ ಕುಗ್ತದೆ, ಸ್ಟೆಬಿಲೈಸರ್ ಬೇಕು, ಅರ್ಧ ಕೋಣೆ ಹೋಗ್ತದೆ, ಒಳಗೆ ಹಲ್ಲಿ ಮೊಟ್ಟೆ ಇಡ್ತದೆ. ಹಿಂದಿನ ಮುಚ್ಚಳ ನೀವೇ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ತೆಗ್ದ ಮೇಲೂ ಸಾವಿರಗಟ್ಟಲೆ ವೋಲ್ಟ್ ಕೂತಿರ್ತದೆ.

ಎರಡನೇದು ರಾಸ್ಪ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರು, 4 ಜಿಬಿಯದ್ದು, ದಸರಾ ಹೊತ್ತಿಗೆ ತಗಂಡಿದ್ದು. ಇದ್ರಲ್ಲಿ ಎಐ ನಿಜವಾಗ್ಲೂ ಉಪಕಾರಕ್ಕೆ ಬಂತು, ಅದನ್ನೂ ಹೇಳ್ಬೇಕಲ್ಲ. ಜಾಯ್‌ಸ್ಟಿಕ್ ಹೊಂದಿಸೋ ಕಾನ್ಫಿಗ್ ಫೈಲು, ಎರರ್ ಬಂದ್ರೆ ಎಂತಕ್ಕೆ ಬಂತು, ಇದನ್ನೆಲ್ಲ ಮೊದ್ಲು ರಾತ್ರಿಯಿಡೀ ಹುಡುಕ್ತಿದ್ದೆ, ಈಗ ಎರರ್ ಅಂಟಿಸಿದ್ರೆ ಅರ್ಧ ಗಂಟೇಲಿ ಮುಗೀತು. ಅಕ್ಷರದಲ್ಲಿರೋ ಸಮಸ್ಯೆ ಅದಕ್ಕೆ ಬರ್ತದೆ. ಸೋಲ್ಡರ್ ವಾಸನೆ ಇರೋ ಸಮಸ್ಯೆ ಬರೋದಿಲ್ಲ, ನನ್ನ ಅನುಭವ ಇಷ್ಟೇ.

ಪೈಯನ್ನ ಎಲ್‌ಸಿಡಿಗೆ ಹಾಕಿ ಎಣಿಸಿದ್ರೆ 36 ಫ್ರೇಮ್, ಅಂದ್ರೆ 150 ಮಿಲಿಸೆಕೆಂಡ್, ಮಾರಿಯೋ ಗುಂಡಿಗೆ ಬಿದ್ದ ಮೇಲೆ ಹಾರ್ತಿದ್ದ. ಟೀವಿಯ ಗೇಮ್ ಮೋಡ್ ಹಾಕಿದ್ರೆ 20. ಹಳೇ ಗೇಮು ಓಡ್ಸೋ ರೆಟ್ರೋಆರ್ಚ್ ಸಾಫ್ಟ್‌ವೇರಲ್ಲಿ ರನ್ ಅಹೆಡ್ ಅಂತ ಒಂದಿದೆ, ಗೇಮನ್ನ ಗುಟ್ಟಾಗಿ ಒಂದು ಫ್ರೇಮ್ ಮುಂದೆ ಓಡ್ಸಿ ಆ ಚಿತ್ರಾನ ತೋರ್ಸಿ ಮತ್ತೆ ಹಿಂದೆ ಬರೋದು, ಅದನ್ನ ಹಾಕಿ 16ಕ್ಕೆ ಇಳಿಸ್ದೆ. ಆಡ್ಲಿಕ್ಕಡ್ಡಿಲ್ಲ, ಆದ್ರೆ ಡಬ್ಬಾ ಟೀವೀಲಿ ಆಡಿದ ಕೈಗೆ ಗೊತ್ತಾಗ್ತದೆ.

ನಂಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ನಾನು ತಗಂಡು ಎರಡು ತಿಂಗಳಿಗೆ, 2025ರ ಡಿಸೆಂಬರಲ್ಲಿ, ಇದೇ ಪೈಯ ರೇಟು 60 ಡಾಲರಿಂದ 70 ಆಯ್ತು, 16 ಜಿಬಿಯದ್ದು 120 ಇದ್ದಿದ್ದು 145. ಕಾರಣ ಮೆಮೊರಿ ಚಿಪ್ಪು. ಎಐ ಸರ್ವರುಗಳಿಗೆ ಬೇಕಾದ ದುಬಾರಿ ಮೆಮೊರಿ ಮಾಡೋದ್ರಲ್ಲಿ ಲಾಭ ಜಾಸ್ತಿ ಅಂತ ಕಂಪನಿಗಳು ಫ್ಯಾಕ್ಟರಿಯನ್ನ ಆ ಕಡೆ ತಿರುಗಿಸಿದ್ವು, ನಮ್ಮಂಥವರ ಸಾದಾ ಮೆಮೊರಿಗೆ ಬರ ಬಂತು. ಅದೇ ತಿಂಗಳು ಮೆಮೊರಿ ಮಾಡೋ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಅನ್ನೋ ಗ್ರಾಹಕರ ಬ್ರ್ಯಾಂಡನ್ನೇ ಮುಚ್ತೀವಿ ಅಂತು. ಅಡಿಕೆಗೆ ರೇಟು ಬಂತು ಅಂತ ಭತ್ತದ ಗದ್ದೇನೆಲ್ಲ ತೋಟ ಮಾಡಿದ್ರಲ್ಲ ನಮ್ಮೂರಲ್ಲಿ, ಅದೇ ಕತೆ. ಮತ್ತೆ ಆ ಸರ್ವರಿಗೇ ನಾನು ಪೈ ಹೆಂಗೆ ಸರಿ ಮಾಡೋದು ಅಂತ ಕೇಳ್ತಾ ಕೂತಿದ್ದು, ಇದನ್ನ ಯಾರ ಹತ್ರ ಹೇಳೋದು.

ಮೂರನೇದು ಅಂಗೈಯಲ್ಲಿ ಹಿಡಿಯೋ ಚೀನಾ ಹ್ಯಾಂಡ್‌ಹೆಲ್ಡು, 3.5 ಇಂಚು, 640 ಬೈ 480 ಪರದೆ, 1 ಜಿಬಿ ಮೆಮೊರಿ. ನಿಜ ಹೇಳ್ಬೇಕಂದ್ರೆ ನಾನು ಅತಿ ಹೆಚ್ಚು ಆಡಿದ್ದು ಇದ್ರಲ್ಲೇ. ಕರೆಂಟು ಹೋದ್ರೆ ಚಿಂತೆ ಇಲ್ಲ, ಅಡಿಕೆ ಕೊಯ್ಲಿನ ಟೈಮಲ್ಲಿ ಅಂಗಳದಲ್ಲಿ ಕೂತು ಕಾಯ್ತಾ ಇರುವಾಗ, ಹುಬ್ಬಳ್ಳಿ ಬಸ್ಸಲ್ಲಿ, ಎಲ್ಲಾದ್ರೂ ಸರಿ. ಜೊತೆಗೆ ಬಂದ ಮೆಮೊರಿ ಕಾರ್ಡು ಮೂರೇ ವಾರಕ್ಕೆ ಸತ್ತೋಯ್ತು, ಬಂದ ದಿನವೇ ಒಳ್ಳೆ ಕಾರ್ಡಿಗೆ ಕಾಪಿ ಮಾಡ್ಕಳಿ. ಇಬ್ರು ಕೂತು ಆಡೋಕಾಗಲ್ಲ, ಅದೊಂದೇ ಕೊರತೆ, ಕಾಂಟ್ರಾ ಒಬ್ನೇ ಆಡೋದು ಅಂದ್ರೆ ಒಬ್ನೇ ಕವಳ ಹಾಕ್ದಂಗೆ.

ಇದ್ರಲ್ಲೇ ಒಂದು ಜಪಾನಿ ಗೇಮನ್ನ ಎಐ ಅನುವಾದದ ಸಹಾಯದಿಂದ ಆಡ್ವಾ ಅಂತ ಹೊರಟೆ. ಪರದೆ ಫೋಟೋ ತೆಗ್ದು ಕನ್ನಡಕ್ಕೆ ಹೇಳು ಅಂದ್ರೆ ಹೇಳ್ತದೆ, ಬೆರಗೇ. ಆದ್ರೆ ಆ ಕಾಲದ ಗೇಮಲ್ಲಿ ಜಾಗ ಸಾಲದೆ ಚಿತ್ರಲಿಪಿ ಬಿಟ್ಟು ಬರೀ ಉಚ್ಚಾರದ ಅಕ್ಷರ ಹಾಕ್ತಿದ್ರು, ಹಾಗೆ ಬರೆದ್ರೆ 'ಹಾಶಿ' ಅಂದ್ರೆ ಸೇತುವೇನೂ ಹೌದು, ಊಟದ ಕಡ್ಡೀನೂ ಹೌದು, ಅಂಚೂ ಹೌದು. ನಂಗೆ ಮುದುಕನೊಬ್ಬ ಪಶ್ಚಿಮದಲ್ಲಿ ಊಟದ ಕಡ್ಡಿ ಇದೆ ಅಂದ. ಒಂದು ಗಂಟೆ ಕಡ್ಡಿ ಹುಡುಕಿದೀನಿ.

ನಾಲ್ಕನೇದು ಕಾರವಾರದ ದೋಸ್ತನ ಹತ್ರ ಇರೋ ಮಿಸ್ಟರ್ ಎಫ್‌ಪಿಜಿಎ ಅನ್ನೋ ಬೋರ್ಡು. ಪೈಯಲ್ಲಿ ಓಡೋ ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರು ಹಳೇ ಮೆಷಿನ್ ಥರ ನಟನೆ ಮಾಡ್ತದೆ, ಇದು ಚಿಪ್ಪಿನೊಳಗಿನ ಸರ್ಕೀಟನ್ನೇ ಆ ಮೆಷಿನ್ ಥರ ಜೋಡಿಸ್ಕಳ್ತದೆ. ಡಬ್ಬಾ ಟೀವಿಗೆ ಹಾಕಿದ್ರೆ ಅಸಲಿಗೂ ಇದಕ್ಕೂ ನಂಗೆ ವ್ಯತ್ಯಾಸ ಸಿಗ್ಲಿಲ್ಲ. ರೇಟು ಕೇಳಿ ಚಾ ಕುಡ್ದು ಎದ್ದು ಬಂದೆ. ಅವಂಗೆ ಸಮುದ್ರದ ಉಪ್ಪುಗಾಳಿ ಕಾಟ, ಬೋರ್ಡನ್ನ ಸಿಲಿಕಾ ಪೊಟ್ಟಣದ ಜೊತೆ ಡಬ್ಬೀಲಿ ಮುಚ್ಚಿಡ್ತಾನೆ, ನಮಗೆ ಘಟ್ಟದ ಮೇಲೆ ಬೂಷ್ಟಿನ ಕಾಟ. ಎಐ ಎಲ್ಲಾನೂ ನುಂಗ್ತದೆ ಮಾರಾಯ ಅಂತ ಅವನ ವಾದ, ನಾನು 2025ರ ಜೂನಲ್ಲಿ ಚಾಟ್‌ಜಿಪಿಟಿ ಅಟಾರಿ 2600ರ ಚೆಸ್ ಎದುರು ಸೋತಿದ್ದನ್ನ ನೆನಪು ಮಾಡ್ದೆ, 1979ರ ಗೇಮು, ಮೆಷಿನ್ನಿನ ಮೆಮೊರಿ 128 ಬೈಟು. ಅವ ನಕ್ಕ, 'ಚೆಸ್ಸಲ್ಲಿ ಸೋತ್ರೂ ನಿನ್ನ ಪೈ ರೇಟು ಏರಿಸ್ತಲ್ಲ' ಅಂದ. ಅದಕ್ಕೆ ನನ್ನ ಹತ್ರ ಉತ್ರ ಇರ್ಲಿಲ್ಲ.

ಹಾಗಾಗಿ ಒಂದೇ ತಗಳೋರು ಹ್ಯಾಂಡ್‌ಹೆಲ್ಡ್ ತಗಳಿ. ಮನೇಲಿ ಜಾಗ ಇದ್ದು, ಜೊತೆ ಆಡೋಕೆ ಅಣ್ಣನೋ ತಮ್ಮನೋ ಇದ್ರೆ ಡಬ್ಬಿ ಮತ್ತೆ ಡಬ್ಬಾ ಟೀವಿ, ಬೇರೆ ಯೋಚನೆ ಬೇಡ. ಪೈಯನ್ನ ನಾನು ಹೋದ ತಿಂಗಳು ಮಾರ್ದೆ, ತಗಂಡ ರೇಟಿಗೇ ಹೋಯ್ತು, ಕೊಂಡ ಹುಬ್ಬಳ್ಳಿ ಹುಡುಗನ ಹತ್ರ ಎಂತ ಗೇಮ್ ಆಡ್ತೆ ಅಂತ ಕೇಳಿದ್ರೆ ಗೇಮಲ್ರೀ ಸಣ್ಣ ಎಐ ಮಾಡೆಲ್ ಓಡಸ್ತೇನ್ರೀ ಅಂದ. ಕುಮಟೆ ಗುಜರೀಲಿ ಇನ್ನೂ ಎರಡು ಡಬ್ಬಾ ಟೀವಿ ಇದ್ವು, ಒಂದಕ್ಕೆ ರಿಮೋಟೂ ಇದೆ, ಮಳೆ ಹಿಡಿಯೋಕೆ ಮುಂಚೆ ಹೋಗಿ, ಅಂಗಡಿಯವ್ರು ಅವನ್ನ ಹೊರಗೇ ಇಟ್ಟಿದಾರೆ.