ಇಡಿಎಲ್, ಎಕ್ಸ್‌ಎಂಎಲ್, ಓಟಿಐಓ: ಒಂದೇ ಟೈಮ್‌ಲೈನನ್ನು ಮೂರು ದಾರಿಯಲ್ಲಿ ಸಾಗಿಸಿ ನೋಡಿದ ಮೇಲೆ

ನಮ್ಮೂರಿನ ಜಾತ್ರೆಯ ಬಗ್ಗೆ 40 ನಿಮಿಷದ ಒಂದು ಸಾಕ್ಷ್ಯಚಿತ್ರವನ್ನು ಇತ್ತೀಚೆಗೆ ಸಂಕಲನ ಮಾಡಿ ಮುಗಿಸಿದೆ. ಕತ್ತರಿಸಿ ಜೋಡಿಸುವ ಕೆಲಸವೆಲ್ಲ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ, ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ತಂತ್ರಾಂಶದಲ್ಲಿ ನಡೆಯಿತು. ಕಲರ್ ಗ್ರೇಡಿಂಗ್‌ಗೆ, ಅಂದರೆ ಶಾಟುಗಳ ಬಣ್ಣವನ್ನು ಹದಗೊಳಿಸುವುದಕ್ಕೆ, ಮಾತ್ರ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶವನ್ನು ಬಳಸಬೇಕಾಗಿತ್ತು. ಇಲ್ಲಿ ಜೋಡಿಸಿದ ಶಾಟುಗಳು ಅಲ್ಲಿಯೂ ಅದೇ ಕ್ರಮದಲ್ಲಿ, ಅದೇ ಫ್ರೇಮಿನಲ್ಲಿ ತೆರೆದುಕೊಳ್ಳಬೇಕು. ಯಾವ ಶಾಟು ಎಲ್ಲಿಂದ ಎಷ್ಟು, ಯಾವ ಕ್ರಮದಲ್ಲಿ ಎಂಬ ಜೋಡಣೆಯನ್ನು, ಅಂದರೆ ಟೈಮ್‌ಲೈನನ್ನು, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್ ರೂಪಗಳಿವೆ. ಅವುಗಳಲ್ಲಿ ಇಡಿಎಲ್, ಆಪಲ್‌ನ ಸಂಕಲನ ತಂತ್ರಾಂಶವಾದ ಫೈನಲ್ ಕಟ್ 7ರ ಕಾಲದ ಎಕ್ಸ್‌ಎಂಎಲ್ ಮತ್ತು ಓಪನ್‌ಟೈಮ್‌ಲೈನ್‌ಐಓ, ಅಂದರೆ ಓಟಿಐಓ, ಈ ಮೂರನ್ನೂ ಪ್ರಯತ್ನಿಸಿದೆ. ನನ್ನ ಒಲವು ಓಟಿಐಓ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಒಲವು ಹುಟ್ಟಿದ್ದು ಅದರಿಂದ ಎಲ್ಲವೂ ಸಲೀಸಾಗಿ ನಡೆದದ್ದಕ್ಕಲ್ಲ, ಎಡವಟ್ಟಾದಾಗ ತಪ್ಪು ಎಲ್ಲಿದೆ ಎಂದು ನನ್ನ ಕಣ್ಣಿಗೇ ಕಾಣುವಂತೆ ಅದು ಇದ್ದದ್ದಕ್ಕೆ.

ಇಡಿಎಲ್ ವಿಷಯ ಬೇಗ ಮುಗಿಯುತ್ತದೆ. ಇಂದು ಎಲ್ಲ ಕಡೆ ಓಡಾಡುವ ಸಿಎಂಎಕ್ಸ್ 3600 ಎಂಬ ರೂಪ ಟೇಪ್ ಯಂತ್ರಗಳ ಕಾಲದ್ದು. ಅದರಲ್ಲಿ ವಿಡಿಯೊಗೆ ಒಂದೇ ಟ್ರ್ಯಾಕ್, ರೀಲಿನ ಹೆಸರಿಗೆ 8 ಅಕ್ಷರ, ಒಟ್ಟು 999 ಕಟ್‌ಗಳ ಮಿತಿ. ನನ್ನ ಟೈಮ್‌ಲೈನಿನಲ್ಲಿ ಮೂರು ವಿಡಿಯೊ ಟ್ರ್ಯಾಕ್‌ಗಳಿದ್ದವು. ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ಇಳಿಸಿದರೆ ಮಾತ್ರ ಇಡಿಎಲ್ ಹೊರಡುತ್ತಿತ್ತು, ಹಾಗೆ ಇಳಿಸಿದರೆ ಒಂದರ ಮೇಲೊಂದು ಇಟ್ಟ ಚಿತ್ರಗಳು ಹೋಗಿಬಿಡುತ್ತಿದ್ದವು. ಒಂದೇ ಟ್ರ್ಯಾಕಿನ ಸಂದರ್ಶನವಾಗಿದ್ದರೆ ಇಂದಿಗೂ ಅದು ಸಾಕು.

ಎಕ್ಸ್‌ಎಂಎಲ್ ಬಗ್ಗೆ ನನಗೆ ಗೌರವವಿದೆ. ಆಪಲ್ 2011ರಲ್ಲಿ ಫೈನಲ್ ಕಟ್‌ನ ಹಳೆಯ ಸಾಲನ್ನು ನಿಲ್ಲಿಸಿ ಹೊಸದನ್ನು ತಂದ ಮೇಲೂ ಈ ರೂಪ ಉಳಿದುಕೊಂಡಿದೆ. ಅಡೋಬಿಯ ಸಂಕಲನ ತಂತ್ರಾಂಶ ಪ್ರೀಮಿಯರ್ ಇದನ್ನು ಬರೆಯುತ್ತದೆ, ರಿಸಾಲ್ವ್ ಓದುತ್ತದೆ, ಹಲವು ಟ್ರ್ಯಾಕ್‌ಗಳೂ, ಒಂದು ಶಾಟು ಇನ್ನೊಂದರಲ್ಲಿ ಕರಗುವ ಡಿಸಾಲ್ವ್‌ಗಳೂ ದಾಟುತ್ತವೆ. ನಾನು ಸ್ಟುಡಿಯೊಗೆ ಮೊದಲು ಕಳಿಸಿದ್ದೂ ಇದನ್ನೇ. ಕೆಡೆನ್‌ಲೈವ್‌ನಿಂದ ಬಂದ ಓಟಿಐಓ ಫೈಲನ್ನು, ಓಟಿಐಓ ಯೋಜನೆಯವರೇ ಕೊಡುವ ಓಟಿಐಓ‌ಕನ್ವರ್ಟ್ ಎಂಬ ಸಣ್ಣ ಸಾಧನದಿಂದ ಎಕ್ಸ್‌ಎಂಎಲ್ ಮಾಡಿ ಒಯ್ದಿದ್ದೆ.

ತೊಂದರೆ ಶುರುವಾದದ್ದು ಅಲ್ಲಿಂದ. ಕ್ಯಾಮೆರಾ ಪ್ರತಿ ಕಾರ್ಡಿನಲ್ಲೂ ಒಂದರಿಂದ ಎಣಿಸಿ ಹೆಸರಿಡುವುದರಿಂದ ಒಂದೇ ಹೆಸರಿನ ಫೈಲುಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕಾಗಿ ಮೂಲ ಫೈಲುಗಳಿಗೆಲ್ಲ ನಮ್ಮ ಸಹಾಯಕ ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ಕನ್ನಡದಲ್ಲಿ ಹೆಸರಿಟ್ಟಿದ್ದ: ತೇರು-1, ಡೊಳ್ಳು-3, ಕೋಲಾಟ-2, ಗದ್ದೆ-4, ಮಳೆ-1. ಇನ್ನೊಬ್ಬ ಸ್ನೇಹಿತ ತನ್ನ ಹಳೆಯ ಮ್ಯಾಕ್‌ನಲ್ಲಿ ಅವುಗಳ ಪ್ರಾಕ್ಸಿಗಳನ್ನು, ಅಂದರೆ ಸಂಕಲನಕ್ಕೆಂದೇ ಮಾಡುವ ಹಗುರ ಪ್ರತಿಗಳನ್ನು, ಅದೇ ಹೆಸರಿನಲ್ಲಿ ತಯಾರಿಸಿ, ಜಿಪ್ ಮಾಡಿ ಕಳಿಸಿದ್ದ. ನಾನು ಆ ಪ್ರಾಕ್ಸಿಗಳ ಮೇಲೆ ಸಂಕಲನ ಮಾಡಿದ್ದೆ. ಸ್ಟುಡಿಯೊದ ವಿಂಡೋಸ್ ಯಂತ್ರದಲ್ಲಿ ಮೂಲ ಫೈಲುಗಳ ಡಿಸ್ಕ್ ಜೋಡಿಸಿ ಎಕ್ಸ್‌ಎಂಎಲ್ ತೆರೆದಾಗ ಮಳೆಯೂ ಗದ್ದೆಯೂ ತಾವಾಗಿಯೇ ಬಂದು ಕೂತವು, ತೇರು, ಡೊಳ್ಳು, ಕೋಲಾಟ ಒಂದೂ ಬರಲಿಲ್ಲ. ಅರ್ಧ ಟೈಮ್‌ಲೈನ್ ಕೆಂಪಾಗಿತ್ತು. ಫೋಲ್ಡರಿನಲ್ಲಿ ಫೈಲು ಕಣ್ಣೆದುರೇ ಇದೆ, ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಕಾಣುವುದಿಲ್ಲ, ಆದರೂ ತಂತ್ರಾಂಶ ಸಿಗಲಿಲ್ಲ ಎನ್ನುತ್ತದೆ. ಅಂದು ಒಂದೊಂದೇ ಕ್ಲಿಪ್ಪನ್ನು ಕೈಯಿಂದ ಜೋಡಿಸುವುದರಲ್ಲಿ ಮೂರು ಗಂಟೆಯ ಬಾಡಿಗೆ ಹೋಯಿತು, ಗ್ರೇಡಿಂಗ್ ಶುರುವಾಗಲೇ ಇಲ್ಲ.

ಮನೆಗೆ ಬಂದು ಎಕ್ಸ್‌ಎಂಎಲ್ ಬಿಚ್ಚಿ ನೋಡಿದರೆ ಫೈಲಿನ ದಾರಿ ಇರುವ ಸಾಲಿನಲ್ಲಿ ಕನ್ನಡವೇ ಇರಲಿಲ್ಲ. ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳೂ ಸೇರಿ 9 ಗುರುತುಗಳಾಗಿ ಮಾರ್ಪಟ್ಟಿತ್ತು. ಅದನ್ನು ನೋಡಿ ಇದು ಕೋಲಾಟವೋ ಡೊಳ್ಳೋ ಎಂದು ಹೇಳಲಾಗದು. ಓಟಿಐಓ ಫೈಲು ಮಾತ್ರ ಸರಳ ಜೇಸನ್ ಪಠ್ಯ. ಯಾವ ಟೆಕ್ಸ್ಟ್ ಎಡಿಟರಿನಲ್ಲಾದರೂ ತೆರೆಯುತ್ತದೆ. ಟ್ರ್ಯಾಕ್, ಅದರೊಳಗೆ ಕ್ಲಿಪ್, ಕ್ಲಿಪ್ಪಿನೊಳಗೆ ಎಲ್ಲಿಂದ ಎಷ್ಟು ಫ್ರೇಮು, ಕೆಳಗೆ ಫೈಲಿನ ಹೆಸರು ಅಚ್ಚ ಕನ್ನಡದಲ್ಲಿ. ಅದರಲ್ಲಿ ‘ಕೋಲಾಟ’ ಎಂದು ಟೈಪ್ ಮಾಡಿ ಹುಡುಕಿದೆ. ಕಣ್ಣಿಗೆ ಕಾಣುತ್ತಿದ್ದ ಪದವೇ ಹುಡುಕಾಟಕ್ಕೆ ಸಿಗಲಿಲ್ಲ. ಆಗ ಕಾರಣ ಹೊಳೆಯಿತು.

ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ನಾವು ಕೀಲಿಮಣೆಯಲ್ಲಿ ಒತ್ತಿದಾಗ ಸಾಮಾನ್ಯವಾಗಿ ಕಕಾರದ ಮುಂದೆ ಓತ್ವ ಒಂದೇ ಸಂಕೇತವಾಗಿ ಕೂರುತ್ತದೆ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಅದನ್ನೇ ಬಿಡಿಸಿ, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರಾಗಿ ಇಡುತ್ತದೆ. ಹೆಚ್ಚು ಕಡಿಮೆ ನಾವು ಕೈಯಲ್ಲಿ ಬರೆಯುವ ಹಾಗೆ. ತೆರೆಯ ಮೇಲೆ ಎರಡೂ ಒಂದೇ ಕೋಲಾಟ. ಮೂಲ ಫೈಲಿನ ಹೆಸರಿನಲ್ಲಿ 5 ಸಂಕೇತ, ಮ್ಯಾಕ್‌ನಿಂದ ಬಂದ ಪ್ರಾಕ್ಸಿಯ ಹೆಸರಿನಲ್ಲಿ 7. ಹೀಗೆ ಬಿಡಿಯಾಗುವ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಬರುವಂಥವು. ಮಳೆ, ಗದ್ದೆಗಳಲ್ಲಿ ಇವು ಯಾವುವೂ ಇಲ್ಲದ್ದರಿಂದ ಅವು ಪಾರಾಗಿದ್ದವು. ಮ್ಯಾಕ್ ಎರಡನ್ನೂ ಒಂದೆಂದು ಒಪ್ಪಿಕೊಳ್ಳುತ್ತದೆ, ಲಿನಕ್ಸ್ ಮತ್ತು ವಿಂಡೋಸ್ ಬೇರೆ ಬೇರೆ ಹೆಸರುಗಳೆಂದು ಎಣಿಸುತ್ತವೆ.

ಈ ದೋಷ ಯಾವ ರೂಪದ್ದೂ ಅಲ್ಲ, ಓಟಿಐಓದಲ್ಲೇ ನೇರವಾಗಿ ಕಳಿಸಿದ್ದರೂ ಬರುತ್ತಿತ್ತು. ಆದರೆ ಓಟಿಐಓ ಬರಿಯ ಪಠ್ಯವಾದ್ದರಿಂದ, ಪೈಥಾನ್‌ನ ನಾಲ್ಕು ಸಾಲುಗಳಲ್ಲಿ ಇಡೀ ಫೈಲನ್ನು ಕೂಡಿದ ರೂಪಕ್ಕೆ ತಿರುಗಿಸಿ ಉಳಿಸುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಮರುದಿನ ಅದೇ ಫೈಲನ್ನು ಎಕ್ಸ್‌ಎಂಎಲ್‌ಗೆ ಬದಲಿಸದೆ ರಿಸಾಲ್ವ್‌ನಲ್ಲಿ ತೆರೆದಾಗ ಮೂರು ಟ್ರ್ಯಾಕ್‌ಗಳೂ ಭರ್ತಿಯಾಗಿ ಬಂದವು. ಡೊಳ್ಳಿನವರ ಮೊದಲ ಶಾಟ್ ತನ್ನ ಜಾಗದಲ್ಲಿ ಕಂಡಾಗ ಆದ ನೆಮ್ಮದಿ ಸಣ್ಣದಲ್ಲ.

ಓಟಿಐಓ ಹುಟ್ಟಿದ್ದು ಪಿಕ್ಸಾರ್‌ನಲ್ಲಿ. ಈಗ ಅದು ಅಕಾಡೆಮಿ ಸಾಫ್ಟ್‌ವೇರ್ ಫೌಂಡೇಶನ್ನಿನ ಯೋಜನೆ. ಆಸ್ಕರ್ ಕೊಡುವ ಅಕಾಡೆಮಿಯೂ ಲಿನಕ್ಸ್ ಫೌಂಡೇಶನ್ನೂ ಸೇರಿ 2018ರಲ್ಲಿ ಕಟ್ಟಿದ ಸಂಸ್ಥೆ ಅದು. ಪರವಾನಗಿ ಅಪಾಚೆ 2.0, ಯಾರು ಬೇಕಾದರೂ ಬಳಸಬಹುದು. ರಿಸಾಲ್ವ್ ಇದನ್ನು 18.5ನೇ ಆವೃತ್ತಿಯಿಂದ ಓದುತ್ತದೆ, ಆದ್ದರಿಂದ ಸ್ಟುಡಿಯೊದಲ್ಲಿ ಅದಕ್ಕಿಂತ ಹಳೆಯದಿದ್ದರೆ ಎಕ್ಸ್‌ಎಂಎಲ್ ಬಿಟ್ಟು ದಾರಿಯಿಲ್ಲ.

ಇದರಿಂದ ಏನು ದಾಟುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಡೆನ್‌ಲೈವ್‌ನಲ್ಲಿ ಮಾಡಿದ ಶೀರ್ಷಿಕೆಗಳು ಬರಲಿಲ್ಲ. ನಾನು ಹಾಕಿದ್ದ ಎಫೆಕ್ಟ್‌ಗಳೂ ಬರಲಿಲ್ಲ. ಒಂದು ತಂತ್ರಾಂಶದ ಎಫೆಕ್ಟ್ ಇನ್ನೊಂದರಲ್ಲಿ ಹಾಗೆಯೇ ಕೆಲಸ ಮಾಡಬೇಕೆಂದು ಯಾವ ವಿನಿಮಯ ರೂಪದಿಂದಲೂ ನಾನು ನಿರೀಕ್ಷಿಸುವುದಿಲ್ಲ. ಮೀಡಿಯಾ ಸಮೇತ ಒಂದೇ ಗಂಟು ಕಟ್ಟುವ ಓಟಿಐಓಜೆಡ್ ಎಂಬ ರೂಪವೂ ಇದೆ, ಆದರೆ ಒಂದೇ ಹೆಸರಿನ ಎರಡು ಫೈಲುಗಳಿದ್ದರೆ ಅದು ಕಟ್ಟಲು ಒಪ್ಪುವುದಿಲ್ಲ. ಧ್ವನಿಯನ್ನು ಸ್ಟುಡಿಯೊದವರೇ ರಿಸಾಲ್ವ್‌ನಿಂದ ಎಎಎಫ್ ಎಂಬ ಇನ್ನೊಂದು ವಿನಿಮಯ ರೂಪಕ್ಕೆ ತಂದು, ಧ್ವನಿಯ ತಂತ್ರಾಂಶವಾದ ಪ್ರೋ ಟೂಲ್ಸ್‌ಗೆ ಕೊಟ್ಟರು, ಆ ಭಾಗಕ್ಕೆ ನಾನು ಕೈ ಹಾಕಲಿಲ್ಲ.

ಪ್ರೀಮಿಯರ್‌ಗೆ ಚಂದಾ ಕಟ್ಟುತ್ತಿರುವವರಿಗೆ, ಫೈಲುಗಳಿಗೆ ಇಂಗ್ಲಿಷಿನಲ್ಲೇ ಹೆಸರಿಡುವವರಿಗೆ ಎಕ್ಸ್‌ಎಂಎಲ್ ಬಿಡಲು ಕಾರಣವಿಲ್ಲ. ನಾನು ತಂತ್ರಾಂಶಕ್ಕೆ ಹಣ ಕೊಡುವವನಲ್ಲ, ನನ್ನ ಖರ್ಚೆಲ್ಲ ಸ್ಟುಡಿಯೊದ ಗಂಟೆಗಳಿಗೆ. ಶಾಟುಗಳಿಗೆ ಕನ್ನಡದಲ್ಲಿ ಹೆಸರಿಡುವ ಅಭ್ಯಾಸವನ್ನೂ ಬಿಡುವುದಿಲ್ಲ. ಹಾಗಾಗಿ ಈಗ ಪ್ರಾಕ್ಸಿಗಳು ಕೈಗೆ ಬಂದ ಕೂಡಲೇ, ಒಂದು ಕಟ್ ಮಾಡುವ ಮೊದಲೇ, ಆ ನಾಲ್ಕು ಸಾಲಿನ ಕೆಲಸವನ್ನು ಫೈಲುಗಳ ಹೆಸರಿನ ಮೇಲೆ ಮಾಡಿಬಿಡುತ್ತೇನೆ. ಸ್ಟುಡಿಯೊಗೆ ಹೋಗುವ ಹಿಂದಿನ ರಾತ್ರಿ ಓಟಿಐಓ ಫೈಲು ತೆರೆದು ‘ಕೋಲಾಟ’ ಎಂದು ಟೈಪ್ ಮಾಡಿ ಹುಡುಕುತ್ತೇನೆ. ಸಿಕ್ಕಿತೆಂದರೆ ಡಿಸ್ಕನ್ನು ಚೀಲಕ್ಕೆ ಹಾಕುತ್ತೇನೆ.