ಹಸಿರು, ಗುಲಾಬಿ, ನೀಲಿ: ವಾರ್ಡಿಗೆ ಯಾವ ಕ್ಯಾನುಲಾ?

ಮಂಡ್ಯದಲ್ಲಿ ವಾರ್ಡ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂದವರಿಗೆಲ್ಲ ಹಸಿರು ಕ್ಯಾನುಲಾವನ್ನೇ (ಡ್ರಿಪ್ ಬಿಡಲು ನರದೊಳಗೆ, ಅಂದರೆ ರಕ್ತನಾಳದೊಳಗೆ, ಇಡುವ ನಳಿಗೆ) ಹಾಕುತ್ತಿದ್ದೆ. ಹಸಿರು ಅಂದರೆ 18 ಗೇಜ್; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣ. ಅದು ಒಂದೇ ಸಲಕ್ಕೆ ಹೋಯ್ತು ಅಂದರೆ ಏನೋ ಹೆಮ್ಮೆ. ಒಬ್ಬರು ಕಬ್ಬು ಕಡಿಯುವವರು, ಅಂಗೈ ಹಿಂಭಾಗದಲ್ಲೇ ಹಾಕಿದ್ದೆ. ಮಾರನೇ ದಿನ ನರದುದ್ದಕ್ಕೂ ಕೆಂಪು ಗೆರೆ, ಮುಟ್ಟಿದರೆ ಹಗ್ಗದ ಹಾಗೆ ಗಟ್ಟಿ. "ಸಿಸ್ಟರ್, ಸೂಜಿ ಒಳಗೇ ಬಿಟ್ರಾ?" ಅಂದರು. ಸೂಜಿ ಆಗಲೇ ಹೊರಗೆ, ಒಳಗಿರುವುದು ಮೆತ್ತನೆ ನಳಿಗೆ ಅಷ್ಟೇ. ಆದರೆ ಆ ನಳಿಗೆಯೇ ನರ ತುಂಬಿಕೊಂಡು ಗೋಡೆಗೆ ಉಜ್ಜುತ್ತಿತ್ತು.

ಅಂದೇ ತೆಗೆದು ಇನ್ನೊಂದು ಕೈಗೆ ನೀಲಿ, ಅಂದರೆ 22, ಹಾಕಿದೆ. ಸಣ್ಣದಾದರೆ ಸುತ್ತ ರಕ್ತ ಹರಿಯಲು ಜಾಗ ಇರುತ್ತದೆ, ಔಷಧಿಯೂ ಬೆರೆತು ತೆಳುವಾಗುತ್ತದೆ. ಡ್ರಿಪ್ ನಿಧಾನ ಆಗುತ್ತೆ ಅನ್ನುವವರು ಲೆಕ್ಕ ಹಾಕಿ ನೋಡಿ: ಸಾಮಾನ್ಯವಾಗಿ ಬಿಡುವುದು ಗಂಟೆಗೆ 100 ಮಿ.ಲೀ., ಮಿ.ಲೀ.ಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ 33 ಹನಿ. ಅಷ್ಟಕ್ಕೆ ನೀಲಿ ಧಾರಾಳ ಸಾಕು.

ನೀಲಿಗೂ ತಕರಾರಿದೆ. ಬಿಸಿಲಲ್ಲಿ ದುಡಿದು ದಪ್ಪಗಾದ ಚರ್ಮಕ್ಕೆ ಚುಚ್ಚಿದರೆ ತುದಿ ಮುದುಡುತ್ತದೆ, ಮೊಣಕೈ ಮಡಚುವ ಕಡೆ ಹಾಕಿದರಂತೂ ಬಾಗಿ ನಿಂತೇ ಹೋಗುತ್ತದೆ. ಅಂಥವರಿಗೆ ನಾನು ಗುಲಾಬಿ, 20 ಗೇಜ್, ತೆಗೆದುಕೊಳ್ಳುತ್ತೇನೆ. ರಕ್ತ ಕೊಡುವುದಕ್ಕೂ ಅದು ಆಗುತ್ತದೆ. ಆಪರೇಷನ್, ಆಕ್ಸಿಡೆಂಟ್, ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗುವ ಕೇಸಿಗೆ ಮಾತ್ರ ಕಡಿಮೆಯೆಂದರೂ ಹಸಿರು ಬೇಕು, ಅಲ್ಲಿ ಚೌಕಾಸಿ ಇಲ್ಲ. ಹಿಡಿಯಲು ರೆಕ್ಕೆಯಿರುವ ಚಿಟ್ಟೆ ಸೂಜಿ ಬೇಗ ಹೋಗುತ್ತೆ ನಿಜ, ಆದರೆ ಅದು ಸ್ಟೀಲು. ಕೈ ಅಲುಗಿತೋ, ನರ ತೂತಾಗಿ ಊದಿತು. ಒಂದು ಇಂಜೆಕ್ಷನ್‌ಗೆ ಸರಿ, ರಾತ್ರಿಯಿಡೀ ಬಾಟ್ಲಿಗೆ ಬೇಡ.

ಬಣ್ಣ ಯಾವುದಾದರೂ ಸ್ಪಿರಿಟ್ ತಾನಾಗಿ ಒಣಗಬೇಕು. ಬಾಯಿಂದ ಊದಿ ಒಣಗಿಸುವವರನ್ನು ನೋಡಿದ್ದೇನೆ, ಮೈ ಉರಿಯುತ್ತದೆ. ಒಣಗಿದ ಮೇಲೆ ಮತ್ತೆ ಬೆರಳಿಟ್ಟು ನರ ಹುಡುಕುವುದೂ ಅಷ್ಟೇ ತಪ್ಪು.

ಜಾಗ ಎಲ್ಲಿ ಅಂದರೆ, ಈಗ ಮುಂಗೈಯೇ ನನ್ನ ಮೊದಲ ಆಯ್ಕೆ. ಎಡವೋ ಬಲವೋ ಅನ್ನುವುದನ್ನು ಕಲಿಸಿದ್ದು ಒಬ್ಬ ಅಜ್ಜಿ. ನರ ಉಬ್ಬಲೆಂದು ತೋಳಿಗೆ ಟೂರ್ನಿಕೆಟ್ ಪಟ್ಟಿ ಕಟ್ಟುವಷ್ಟರಲ್ಲಿ ಬಲಗೈ ಹಿಂದಕ್ಕೆಳೆದುಕೊಂಡು, "ಮುದ್ದೆ ಮುರಿಯೋ ಕೈಗೆ ಬ್ಯಾಡ ಕಣವ್ವ" ಅಂದರು. ಎಡ ಮುಂಗೈಗೆ ಹಾಕಿದ ಆ ನೀಲಿ ಅವರು ಮನೆಗೆ ಹೋಗುವವರೆಗೂ ನಡೆಯಿತು.